ಹೆಸರು ಕೂಗಿದರೆ ಹೆದರುವ ಮಲಕಪ್ಪ

ಮಿಶ್ರಿಕೋಟಿ ರಸ್ತೆಗೆ ಮೊದಲ ಬಸ್ಸು ಇನ್ನೂ ಬಂದಿಲ್ಲ. ಡಯಾಲಿಸಿಸ್ ಕೇಂದ್ರದ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಮಲಕಪ್ಪ ಆಗಲೇ ಒಂದು ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆಗೆದು ಮೂಸುತ್ತಿದ್ದಾರೆ. ಹೌದು, ಮೂಸುವುದೇ. ಸುಟ್ಟ ವಾಸನೆ ಇದೆಯೋ ಎಂದು ಮೊದಲು ಮೂಗು, ಆಮೇಲೆ ಕಿವಿ, ಕೊನೆಗೆ ಕೈ. "ಕೈ ಹಚ್ಚೂದು ಆಖೇರಿಗ್ರಿ. ಮೊದಲ ಕೈ ಹಚ್ಚಿದಾವ್ರು ಈಗ ಫೋಟೋದಾಗ ಅದಾರ," ಎಂದು ನಗುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನನಗೆ ನಗು ಬರುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ.

ಈ ಪೆಟ್ಟಿಗೆಯ ಕೆಲಸ ಹೇಳಲು ಸುಲಭ. ಕರೆಂಟ್ ಹೋದ ಕೂಡಲೇ ಅದು ತಾನಾಗಿಯೇ ಪಕ್ಕದ ಜನರೇಟರನ್ನು ಎಬ್ಬಿಸಬೇಕು, ಕಟ್ಟಡದ ಹೊರೆಯನ್ನು ಅದರ ಹೆಗಲಿಗೆ ದಾಟಿಸಬೇಕು, ಕರೆಂಟ್ ಬಂದ ಮೇಲೆ ವಾಪಸು ತರಬೇಕು. ಇಲ್ಲಿಯವರ ಬಾಯಲ್ಲಿ ಇದು "ಆಟೋ ಪೆಟ್ಟಿಗಿ". ಗೋಡೆಯ ಆಚೆ ಐದು ಹಾಸಿಗೆಗಳಿವೆ. ದಿನಕ್ಕೆ ಎರಡು ಸರದಿಯಲ್ಲಿ ಹತ್ತು ಜನ ಬಂದು ಮಲಗುತ್ತಾರೆ. ಮಲಗಿದವರ ಒಂದು ಲೋಟದಷ್ಟು ರಕ್ತ ಸದಾ ಮೈಯಿಂದ ಹೊರಗೆ, ಕೊಳವೆಗಳಲ್ಲಿ ಓಡುತ್ತಿರುತ್ತದೆ. ಓಡುವುದು ನಿಂತರೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ರಕ್ತವನ್ನು ತಿರುಗಿ ಮೈಗೆ ಬಿಡುವಂತಿಲ್ಲ. ಮೊದಲೇ ರಕ್ತ ಕಡಿಮೆಯಿರುವ ಈ ಜನಕ್ಕೆ ಆ ಒಂದು ಲೋಟ ಎಂದರೆ ತಿಂಗಳ ಶಕ್ತಿ.

ದುಮ್ಮವಾಡದ ಮಲಕಪ್ಪ ಮೊದಲು ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುತ್ತಿದ್ದವರು. ಟ್ರಸ್ಟಿನವರು ಈ ಕೇಂದ್ರ ತೆರೆದಾಗ ಪೆಟ್ಟಿಗೆ ಕೂಡಿಸಲು ಬಂದವರ ಕೈಕೆಳಗೆ ಕೇಬಲ್ ಎಳೆಯಲು ಬಂದರು. ಕೂಡಿಸಿದವರು ಹೋದರು, ಇವರು ಉಳಿದರು. "ಮೋಟಾರ್ ಸುಟ್ರ ಹೊಲಕ್ಕ ನೀರಿಲ್ಲ ಅಷ್ಟರೀ. ನಾಕ್ ದಿನ ಬೈದಾಡಿ ಸುಮ್ಮನಾಗ್ತಾರ. ಇಲ್ಲಿ ಯಾರ್ ಬೈತಾರ? ಬೈಯಾಕ ಮನಷ್ಯಾ ಉಳೀಬೇಕಲ್ಲ!"

ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ, ಮಳೆ ಗಾಳಿ ಶುರುವಾದರೆ ಎಂಟು ಹತ್ತು ಸಲ ಕರೆಂಟ್ ಹೋಗುತ್ತದೆ. ಪೆಟ್ಟಿಗೆಯ ಶತ್ರುಗಳು ದೊಡ್ಡವರೇನಲ್ಲ. ಇರುವೆ, ಎರೆಮಣ್ಣಿನ ಧೂಳು, ಎಲ್ಲಕ್ಕಿಂತ ಮೇಲಾಗಿ ಹಲ್ಲಿ. ಬೆಚ್ಚಗಿದೆ ಎಂದು ಒಳಗೆ ಹೊಕ್ಕ ಹಲ್ಲಿ ಎರಡು ತಂತಿ ಮುಟ್ಟಿತೆಂದರೆ ಅದೂ ಸತ್ತಿತು, ಪೆಟ್ಟಿಗೆಯೂ ಸತ್ತಿತು. ಅದಕ್ಕೆ ಶೆಡ್ಡಿನ ತುಂಬ ಮೊಟ್ಟೆ ಚಿಪ್ಪು ತೂಗುಹಾಕಿದ್ದಾರೆ. ಚಿಪ್ಪಿಗೆ ಹಲ್ಲಿ ಹೆದರುತ್ತದೆ ಎಂಬುದು ಊರ ನಂಬಿಕೆ. ಚಹಾದಂಗಡಿ ಮಹಬೂಬಸಾಬರು ಆಮ್ಲೆಟ್ ಹಾಕಿದ ಮೇಲೆ ಎತ್ತಿಡುತ್ತಾರೆ. ಟ್ರಸ್ಟಿನ ಹಿರಿಯ ಶಂಭುಲಿಂಗಪ್ಪನವರು ಪೂಜೆ ಮುಗಿಸದೆ ನೀರು ಮುಟ್ಟದವರು. ಶೆಡ್ಡಿಗೆ ಬಂದಾಗಲೆಲ್ಲ ಅವರು ಚಿಪ್ಪುಗಳ ಕಡೆ ನೋಡದೆ ಮೇಲಿನ ತಗಡನ್ನೇ ನೋಡುತ್ತಾ ಮಾತಾಡಿ ಹೋಗುತ್ತಾರಂತೆ.

ಆದರೆ ಮಲಕಪ್ಪನವರಿಗೆ ಹಲ್ಲಿಗಿಂತ ಹೆಚ್ಚಿನ ಭಯ ಮನುಷ್ಯನ ಮರೆವಿನದು. ಪೆಟ್ಟಿಗೆಯ ಮುಖದ ಮೇಲೆ ತಿರುವುವ ಸ್ವಿಚ್ಚೊಂದಿದೆ, ಅದಕ್ಕೊಂದು ಬಿಳಿ ಬಾಣ. ಬಾಣ ಬಲಕ್ಕಿದ್ದರೆ ಆಟೋ, ಎಲ್ಲವೂ ತಾನೇ ನಡೆಯುತ್ತದೆ. ರಿಪೇರಿಗೆ ಎಡಕ್ಕೆ, ಮ್ಯಾನ್ಯುಯಲ್‌ಗೆ ತಿರುವಬೇಕು. ಆಗ ಕರೆಂಟ್ ಹೋದರೆ ಪೆಟ್ಟಿಗೆ ಕಲ್ಲಿನ ಹಾಗೆ ಸುಮ್ಮನೆ ಕೂಡುತ್ತದೆ. ಕೆಲಸ ಮುಗಿಸಿ ಬಾಣವನ್ನು ಬಲಕ್ಕೆ ತರಲು ಮರೆತು ಮನೆಗೆ ಹೋದವರ ಕಥೆಗಳು ಈ ಕಸುಬಿನಲ್ಲಿ ಬೇಕಾದಷ್ಟಿವೆ. ಮಲಕಪ್ಪ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಬಾಣ ಎಡಕ್ಕೆ ತಿರುವಿದ ಕೂಡಲೇ ತಮ್ಮ ಗಾಡಿಯ ಕೀಲಿಯನ್ನು ಅದರ ಕೆಂಪು ದಾರದಿಂದ ಆ ಸ್ವಿಚ್ಚಿಗೇ ತೂಗುಹಾಕುತ್ತಾರೆ. "ಗಾಡಿ ಇಲ್ದ ದುಮ್ಮವಾಡಕ್ಕ ಹ್ಯಾಂಗ ಹೋಗ್ಲಿರಿ? ಕೀಲಿ ತಗೊಳ್ಳಾಕ ಬಂದಾಗ ಬಾಣ ಬಲಕ್ಕ ಹೊಳ್ಳಸ್ತೀನಿ. ಕೀಲಿ ಇಲ್ಲಂದ್ರ ಆಟೋದಾಗ ಐತಿ ಅಂತನ ಲೆಕ್ಕ."

ನಾನು ಬಂದಿರುವ ಈ ಸೋಮವಾರ ಬೆಳಿಗ್ಗೆಯೂ ಹಾಗೇ ಮಾಡುತ್ತಾರೆ. ಜನರೇಟರಿನ ಬ್ಯಾಟರಿಯ ಮೂತಿಗೆ ಬಿಳಿ ಹಿಟ್ಟು ಕಟ್ಟಿದೆ. ಬಾಣ ಎಡಕ್ಕೆ, ಕೀಲಿ ಸ್ವಿಚ್ಚಿಗೆ. ಬಿಸಿನೀರು ತರಲು ಚಹಾದಂಗಡಿಗೆ ಹೊರಡುತ್ತಾರೆ, ಮಾತಾಡುತ್ತಾ ನಾನೂ ಬೆನ್ನು ಹತ್ತುತ್ತೇನೆ. ಮರಳಿ ಬಂದು ಬಿಸಿನೀರು ಹೊಯ್ದು, ತಿಕ್ಕಿ, ವಾಯರು ಬಿಗಿದು, ಗ್ರೀಸು ಹಚ್ಚುತ್ತಾರೆ. ಎದ್ದು ಸ್ವಿಚ್ಚಿನ ಕಡೆ ಒಮ್ಮೆ ನೋಡುತ್ತಾರೆ. ಕೀಲಿ ಇಲ್ಲ. "ಆತು ಬರ್ರಿ, ಚಾ ಕುಡಿಯೂಣು," ಎನ್ನುತ್ತಾರೆ.

ಒಳಗೆ ಮೊದಲ ಸರದಿ ಶುರುವಾಗಿದೆ. ನರ್ಸ್ ನೇತ್ರಾ ಐದೂ ಜನರಿಗೆ ಸೂಜಿ ಚುಚ್ಚಿ ಮಶಿನ್ ಹಚ್ಚಿದ್ದಾರೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಗುರವ್ವ, ವಾರಕ್ಕೆ ಎರಡು ಸಲ ಬರುವ ಹಳಬರು. "ಥಂಡಿ ಹತ್ತೈತೆವ್ವಾ. ನನ್ನ ಚಾದರ ಎಲ್ಲಿ? ಈರೇಶ ಎತ್ಲಾಗ ಹ್ವಾದ?" ಎಂದು ಮಗನ ಹೆಸರು ಹಿಡಿದು ಗೊಣಗುತ್ತಿದ್ದಾರೆ. ಈರೇಶ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ.

ಪಡಸಾಲೆಯಲ್ಲಿ ಚಹಾದ ಕಪ್ಪು ತುಟಿಗೆ ಬಂದಿತ್ತಷ್ಟೇ, ಫ್ಯಾನು ನಿಧಾನವಾಗುತ್ತದೆ. ಮಲಕಪ್ಪ ಮುಖ ಮೇಲೆತ್ತುತ್ತಾರೆ. ಅವರ ಹೆಂಡತಿ ಸಾವಂತ್ರೆವ್ವ ಫೋನಿನಲ್ಲಿ ಹೇಳಿದ್ದು ನನಗೆ ನೆನಪಾಗುತ್ತದೆ: "ಮನ್ಯಾಗ ಫ್ಯಾನ್ ನಿಂತರೂ ಉಣ್ಣೂ ಗಂಗಾಳ ಬಿಟ್ಟ ಎದ್ದ ನಿಂದರ್ತಾರ್ರಿ. ಮದವಿ ಮನ್ಯಾಗೂ ಹಂಗ. ನಾಚಿಕಿ ಬರ್ತೈತಿ ನನಗ." ಸಾಮಾನ್ಯವಾಗಿ ಹತ್ತು ಎಣಿಸುವುದರೊಳಗೆ ಜನರೇಟರ್ ಕೂಗುತ್ತದಂತೆ. ಅವರ ತುಟಿ ಅಲುಗುತ್ತಿದೆ, ಎಣಿಸುತ್ತಿದ್ದಾರೆ. ಹತ್ತು ದಾಟುತ್ತದೆ. ಹಿತ್ತಲು ಸುಮ್ಮನಿದೆ. ಒಳಗಿನಿಂದ ಐದೂ ಮಶಿನ್ನುಗಳು ಒಟ್ಟಿಗೆ ಚೀರತೊಡಗುತ್ತವೆ.

"ಮಲಕಪ್ಪ ಕಾಕಾ!" ನೇತ್ರಾ ಕೂಗುತ್ತಾರೆ. ಕಪ್ಪು ಕೆಳಗೆ ಬಿದ್ದು ಒಡೆಯುತ್ತದೆ. ಮಲಕಪ್ಪ ಆಗಲೇ ಓಡಿದ್ದಾರೆ.

ಬಾಗಿಲಲ್ಲಿ ನಿಂತ ನನಗೆ ಕಾಣುವುದು ಇಷ್ಟು. ನಾಲ್ಕು ಮಶಿನ್ನುಗಳ ಪಂಪುಗಳು ತಮ್ಮೊಳಗಿನ ಬ್ಯಾಟರಿಯ ಮೇಲೆ ತಿರುಗುತ್ತಿವೆ. ಗುರವ್ವನವರದು ನಿಂತುಬಿಟ್ಟಿದೆ, ಅದರ ಬ್ಯಾಟರಿ ಹಳೆಯದು. ನೇತ್ರಾ ಪಂಪಿಗೆ ಹಿಡಿಕೆ ಸಿಕ್ಕಿಸಿ, ಬೀಸುವ ಕಲ್ಲು ತಿರುವಿದ ಹಾಗೆ ಕೈಯಿಂದ ತಿರುವುತ್ತಿದ್ದಾರೆ. ಕೆಂಪು ಕೊಳವೆಯೊಳಗೆ ರಕ್ತ ಮೆಲ್ಲಗೆ ಸರಿಯುತ್ತಿದೆ. "ನಿಂದ್ರಬ್ಯಾಡವ್ವಾ, ತಿರುವು," ಎನ್ನುತ್ತಾರೆ ಗುರವ್ವ, ಕಣ್ಣು ಆ ಕೊಳವೆಯ ಮೇಲೆಯೇ. ನೇತ್ರಾ ಅವರ ಕೈ ಸೋಲುತ್ತಿದೆ. ದೇವರೇ, ಇನ್ನೂ ಯಾಕೆ ಕೂಗಲಿಲ್ಲ ಆ ಜನರೇಟರ್?

ಅಷ್ಟರಲ್ಲಿ ಹಿತ್ತಲಲ್ಲಿ ಜನರೇಟರ್ ಗುಡುಗುತ್ತದೆ, ಪೆಟ್ಟಿಗೆ ಧಡ್ ಎನ್ನುತ್ತದೆ, ದೀಪ ಬರುತ್ತದೆ. ನೇತ್ರಾ ಹಿಡಿಕೆ ತೆಗೆದು ಕೊಳವೆಗೆ ಬೆಳಕು ಹಿಡಿದು ಉದ್ದಕ್ಕೂ ನೋಡುತ್ತಾರೆ. ಹೆಪ್ಪುಗಟ್ಟಿಲ್ಲ. ಪಂಪು ತನ್ನಷ್ಟಕ್ಕೆ ತಿರುಗತೊಡಗುತ್ತದೆ.

ಶೆಡ್ಡಿಗೆ ಹೋದರೆ ಮಲಕಪ್ಪ ನೆಲದ ಮೇಲೆ ಕುಳಿತಿದ್ದಾರೆ. "ಬಾಣ ಎಡಕ್ಕ ಇತ್ರೀ," ಎನ್ನುತ್ತಾರೆ. "ಕೀಲಿ ಇರಲಿಲ್ಲ. ಬಾಣ ಮಾತ್ರ ಎಡಕ್ಕ ಇತ್ತು."

ಒಗಟು ಬಿಡಿಸಲು ಈರೇಶನೇ ಬರುತ್ತಾನೆ. ಕಂಕುಳಲ್ಲಿ ಚಾದರದ ಚೀಲ, ಬೆರಳಲ್ಲಿ ಗಿರಗಿರ ತಿರುಗುವ ಕೆಂಪು ದಾರದ ಕೀಲಿ. "ನಾವು ಬಂದ ಟಂಟಂನಾಗ ಅವ್ವನ ಚೀಲ ಬಿಟ್ಟಿದ್ದೆ ಕಾಕಾ. ನೀವು ಕಾಣಲಿಲ್ಲ, ಗಾಡಿ ಒಯ್ದೆ. ಅಲ್ರೀ, ಪೆಟ್ರೋಲ್ ಹಾಕ್ಸೂದಿಲ್ಲೇನು?" ಎನ್ನುತ್ತಾನೆ ನಗುತ್ತಾ. ತಪ್ಪೇನು? ಈ ಕಡೆ ಗಾಡಿ ಕೀಲಿ ಕಂಡರೆ ಒಯ್ಯುವುದು, ಬಂದು ಹೇಳುವುದು ಎಲ್ಲರ ರೂಢಿ. ಅವನ ಸ್ವಂತ ಗಾಡಿಯನ್ನೂ ಹತ್ತು ಜನ ಹಾಗೇ ಒಯ್ದಿರುತ್ತಾರೆ.

"ನಿಮ್ಮವ್ವನ ರಕ್ತ ನಿಂತಿತ್ತಲೇ ಅಲ್ಲಿ," ಎನ್ನುತ್ತಾರೆ ಮಲಕಪ್ಪ. ದನಿ ಏರಿಸುವುದಿಲ್ಲ. ಕೀಲಿ ಎಲ್ಲಿ ತೂಗುತ್ತಿತ್ತು, ಯಾಕೆ ತೂಗುತ್ತಿತ್ತು ಎಂದು ಹೇಳುತ್ತಾರೆ. ಈರೇಶನ ಬೆರಳು ತಿರುಗುವುದು ನಿಲ್ಲುತ್ತದೆ. ಚೀಲ ಅಪ್ಪಿಹಿಡಿದು ಒಳಗೆ ಓಡುತ್ತಾನೆ. ಮಲಕಪ್ಪ ನನ್ನ ಕಡೆ ತಿರುಗುತ್ತಾರೆ. "ಅವಂದೇನ್ ಐತ್ರೀ? ಅವ್ವಗ ಥಂಡಿ ಆಗ್ತೈತಂತ ಓಡ್ಯಾನ. ನಾ ಬಾಣ ನೋಡಬೇಕಿತ್ತು. ಕೀಲಿ ನೋಡೂ ಚಟ ಬಿತ್ತು, ಬಾಣ ನೋಡೂದು ಬಿಟ್ಟೆ."

ಶಂಭುಲಿಂಗಪ್ಪನವರಿಗೂ ಮಲಕಪ್ಪ ಸುದ್ದಿ ಮುಟ್ಟಿಸಿದ್ದಾರೆ, ತಾವೇ ಫೋನ್ ಮಾಡಿ. ಗುರವ್ವನವರ ಮಶಿನ್ನಿಗೆ ಹೊಸ ಬ್ಯಾಟರಿ ಬೇಕೇ ಬೇಕು ಎಂದೂ ಅದೇ ಉಸಿರಲ್ಲಿ ಹೇಳಿದ್ದಾರೆ. ಸ್ವಿಚ್ಚಿಗೆ ಇನ್ನು ಮೇಲೆ ಏನು ತೂಗುಹಾಕುತ್ತೀರಿ ಎಂದು ನಾನು ಕೇಳಿದರೆ ನೇತ್ರಾ ಬಾಗಿಲಿಂದ ಚೇಷ್ಟೆ ಮಾಡುತ್ತಾರೆ: "ನಿಮ್ಮ ಹಲ್ಲಿನ ಸೆಟ್ ಹಾಕ್ರಿ ಕಾಕಾ. ಯಾರೂ ಕಡ ಒಯ್ಯೂದಿಲ್ಲ!" ಮಲಕಪ್ಪ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಕೊನೆಗೆ ಚಸ್ಮಾ ಎಂದು ತೀರ್ಮಾನವಾಗುತ್ತದೆ. ಚಸ್ಮಾ ಅಲ್ಲಿ ಕಾಣದಿದ್ದರೂ ಇನ್ನು ಬಾಣ ನೋಡದೆ ಹೊರಡುವುದಿಲ್ಲ ಎನ್ನುತ್ತಾರೆ.

ಸರದಿ ಮುಗಿಯುವ ಮೊದಲು ಕರೆಂಟ್ ಇನ್ನೊಮ್ಮೆ ಹೋಗುತ್ತದೆ. ಈ ಸಲ ಪೆಟ್ಟಿಗೆಯೇ ಎದ್ದು ಎಲ್ಲವನ್ನೂ ಮಾಡುತ್ತದೆ. ಕಿಟಕಿಯಿಂದ ಇಣುಕಿದರೆ ಗುರವ್ವ ಚಾದರದೊಳಗೆ ಗೊರಕೆ ಹೊಡೆಯುತ್ತಿದ್ದಾರೆ. ಸರದಿ ಮುಗಿದ ಮೇಲೆ ಶೆಡ್ಡಿನಲ್ಲಿ ಮಲಕಪ್ಪನವರಿಗೆ, ನಿಮ್ಮ ಆಸೆ ಏನು ಎಂದು ನನ್ನ ಪತ್ರಿಕೆಯ ಪ್ರಶ್ನೆ ಕೇಳುತ್ತೇನೆ. "ಇಲ್ಲಿ ಮಂದಿ ನನ್ನ ಹೆಸರ ಮರೀಬೇಕ್ರಿ. ಹೆಸರ ಕೂಗಿದ್ರಂದ್ರ ಏನೋ ಕೆಟ್ಟೈತಿ ಅಂತನ ಅರ್ಥ. ಯಾರೂ ಕೂಗದಿದ್ದ ದಿನ ನನಗ ಹಬ್ಬ."

ಹೇಳಿ ಮುಗಿಸಿ ಸ್ವಲ್ಪ ಹೊತ್ತಾಗಿಲ್ಲ, ಗೇಟಿನ ಕಡೆಯಿಂದ ದೊಡ್ಡ ದನಿ: "ಮಲಕಪ್ಪಾ!"

ಅವರ ಕೈ ಸೀದಾ ಪೆಟ್ಟಿಗೆಗೆ ಹೋಗುತ್ತದೆ. ಕಣ್ಣು ಬಾಣದ ಮೇಲೆ. ಬಲಕ್ಕಿದೆ. ಆದರೂ ಉಸಿರು ಬಿಡುವುದಿಲ್ಲ.

ಗೇಟಿನಲ್ಲಿ ಗುರವ್ವ, ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಮಗನ ಹೆಗಲು ಹಿಡಿದು ನಿಂತಿದ್ದಾರೆ.

"ಹೆದರಬ್ಯಾಡೋ ಯಪ್ಪಾ. ಏನೂ ಕೆಟ್ಟಿಲ್ಲ. ಗುರುವಾರ ಬರ್ತೀನಿ ಅಂತ ಹೇಳಾಕ ಕರದೆ."