ನೀಲವ್ವನ ಮನೆಯ ಎರಡು ನೀರು

ಕಿರ್ರ್-ಠಣ್, ಕಿರ್ರ್-ಠಣ್. ನನ್ನ ಚಿಕ್ಕಪ್ಪನ ಮಗಳು ನೀಲವ್ವ ಮದುವೆಯಾಗಿ ಹೋದ ವರ್ಷ ಅವಳ ಗಂಡನ ಮನೆಯ ಮುಂದೆ ಕೈಪಂಪು ಹಾಕಿದ್ದರು. ನಸುಕಿನಿಂದಲೇ ಅದರ ಸದ್ದು. ದೂರದಿಂದ ನೀರು ಹೊರುವುದು ತಪ್ಪಿತೆಂದು ಊರೆಲ್ಲ ಹಿಗ್ಗಿತ್ತು. ಕಾನ್ವೆಂಟಿನ ಹಾಸ್ಟೆಲಿನಿಂದ ರಜೆಗೆ ಹೋಗಿದ್ದ ನಾನೂ ಚಪ್ಪಾಳೆ ತಟ್ಟಿದ್ದೆ. ಹೌ ಹ್ಯಾಪಿ ವಿ ವರ್.

ಹೋದ ಮಾಘದಲ್ಲಿ ನೀಲವ್ವನ ಸೊಸೆ ರೇಣುಕಾ ಫೋನ್ ಮಾಡಿದಳು. ಅವಳ ಹಿರಿಯ ಮಗಳು ಅಕ್ಷತಾಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಾಳೆ. ಆ ಕೈಪಂಪು ಎತ್ತುವ ಬೋರಿನ ನೀರಿನಲ್ಲಿರುವ ಫ್ಲೋರೈಡ್ ಅದಕ್ಕೆ ಕಾರಣ. ಕಿರಿಯವಳು ಪಿಂಕಿಗೆ ಎರಡು ವರ್ಷ. ಹಾಲುಹಲ್ಲಿನ ಕೆಳಗೆ ಕಾಯಂ ಹಲ್ಲುಗಳು ಈಗಲೇ ಕಟ್ಟಿಕೊಳ್ಳುತ್ತಿರುತ್ತವೆ, ಈಕೆಯವನ್ನು ಇನ್ನೂ ಉಳಿಸಬಹುದು ಎಂದು ಡೆಂಟಿಸ್ಟ್ ಹೇಳಿದ್ದರಂತೆ. “ಅಡಗಿಗೂ ಫಿಲ್ಟರ್ ನೀರು ಹಾಕೂಣು ಅಂದ್ರ ಅತ್ತಿ ಕೇಳವಲ್ರು. ನೀವರ ಬಂದು ಹೇಳ್ರಿ,” ಎಂದಳು.

ಲಕ್ಷ್ಮೇಶ್ವರದಿಂದ ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿದೆ. ಆಧಾರ್ ಕಾರ್ಡ್ ನೋಡಿ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಶಿರಹಟ್ಟಿಯಲ್ಲಿ ಹತ್ತಿ ಪಕ್ಕದಲ್ಲಿ ಕುಳಿತ ಬೆಟಗೇರಿಯ ಹೆಂಗಸೊಬ್ಬಳು ತನ್ನ ಬಾಟಲಿಯ ನೀರು ಕೊಡಬಂದಳು. ಯಾವ ನೀರು ಎಂದು ಕೇಳಿಬಿಟ್ಟೆ. ವೆರಿ ರೂಡ್ ಆಫ್ ಮಿ. ಆಕೆ ಬೇಸರಿಸದೆ, ಹೊಳೆಯ ನೀರು, ನಳಕ್ಕೆ ವಾರಕ್ಕೊಮ್ಮೆ ಬರುತ್ತದೆ ಎಂದಳು. ಗದಗಿನ ಸ್ಟ್ಯಾಂಡಿನಲ್ಲಿ ಗಿರ್ಮಿಟ್ ತಿಂದು ಬಸ್ಸು ಬದಲಿಸಿದೆ. ಮುಂಡರಗಿಗೆ ಸುಮಾರು ನಲವತ್ತು ಕಿಲೋಮೀಟರ್. ಎರೆಹೊಲಗಳಲ್ಲಿ ಜೋಳದ ಕೊಯ್ಲು ನಡೆದಿತ್ತು, ಬಿಸಿಲು ಆಗಲೇ ಚುರುಕಾಗಿತ್ತು. ಮುಂಡರಗಿಯಿಂದ ಹಳ್ಳಿಗೆ ಟಂಟಂ ಆಟೋ, ಇಪ್ಪತ್ತು ರೂಪಾಯಿ.

ನೀಲವ್ವ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, “ಬರ್ರಿ ಮೇಡಮ್ಮಾರ, ರೊಟ್ಟಿ ಬಡಿಯಾಕ ಕಲತ್ರೋ ಇಲ್ಲೋ?” ಎಂದಳು. ಐವತ್ತು ವರ್ಷದಿಂದ ಅದೇ ಹಾಸ್ಯ.

ಆ ಕಡೆಯ ಎಲ್ಲ ಮನೆಗಳಂತೆ ಇಲ್ಲೂ ಕುಡಿಯುವ ನೀರು ಬೇರೆ, ಬಳಸುವ ನೀರು ಬೇರೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಹಿಡಿದು ತಂದ ಫಿಲ್ಟರ್ ನೀರಿನ ಕ್ಯಾನು ಕಟ್ಟೆಯ ಮೇಲೆ, ಶುಭ್ರ ಅರಿವೆ ಹೊದ್ದು ದೇವರಂತೆ ಕೂತಿತ್ತು. ಬೋರಿನ ಕೊಡ ಕೆಳಗೆ. ಮೊದಲೆಲ್ಲ ಅಡಿಗೆಯೂ ಕುಡಿಯುವ ಕೊಡದಿಂದಲೇ ಆಗುತ್ತಿತ್ತು. ಘಟಕ ಬಂದ ಮೇಲೆ, ದಿನಕ್ಕೊಂದೇ ಕ್ಯಾನು ಹೊರಲಾಗುವುದರಿಂದ, ಅಡಿಗೆ ಸದ್ದಿಲ್ಲದೆ ಬಳಸುವ ನೀರಿನ ಪಾಲಿಗೆ ಜಾರಿತ್ತು. ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ.

ಊಟಕ್ಕೆ ಕುಳಿತಾಗ ಮಾತು ತೆಗೆದೆ. “ಕುದಿಸಿದ ಮ್ಯಾಲ ಏನ್ ಉಳೀತೈತಿ ಅಕ್ಕ? ಎಲ್ಲಾ ಸತ್ತ ಹೊಕ್ಕೈತಿ,” ಎಂದಳು ನೀಲವ್ವ.

“ಸಾಯಾಕ ಅದೇನ್ ಹುಳ ಅಲ್ಲ ನೀಲಾ, ಉಪ್ಪಿನಂಗ. ನೀರು ಬತ್ತಿದಷ್ಟು ಉಳದದ್ದು ಗಟ್ಟಿ ಆಗ್ತೈತಿ.”

ಕಾನ್ವೆಂಟಿನ ಮಾತು ಕಾನ್ವೆಂಟಿನಲ್ಲೇ ಇರಲಿ ಎಂದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ನಾನು ವಾದ ಮಾಡಲಿಲ್ಲ. ನಮ್ಮ ಹೋಮ್ ಸೈನ್ಸ್ ಸಿಸ್ಟರ್ ಅಳೆಯದೆ ಏನನ್ನೂ ಒಲೆಗೆ ಇಡಲು ಬಿಡುತ್ತಿರಲಿಲ್ಲ. ಆ ಚಾಳಿ ಹೋಗಿಲ್ಲ. ಅಡಿಗೆಮನೆಯಲ್ಲಿ ಮಣೆ ಹಾಕಿ ಕುಳಿತು, ಬೋರಿನ ಒಂದು ತಂಬಿಗೆ ನೀರು ಪಾತ್ರೆಗೆ ಬಿದ್ದರೆ ಒಂದು ಕಡಲೆಕಾಳನ್ನು ತಾಟಿನಲ್ಲಿಡುತ್ತ ಹೋದೆ. ನುಚ್ಚಿಗೆ ನಾಲ್ಕು, ಬೇಳೆಗೆ ಎರಡು, ರೊಟ್ಟಿಯ ಎಸರಿಗೆ ಎರಡು, ಮೂರು ಹೊತ್ತಿನ ಚಹಾಕ್ಕೆ ಮೂರು. ಚಹಾಪುಡಿಯಲ್ಲೂ ಫ್ಲೋರೈಡ್ ಇರುತ್ತದೆ, ಆ ಪುಡಿಗೆಂದು ಬೇರೆ ಕಾಳಿಡಲಿಲ್ಲ. ಪಿಂಕಿ ದಿನವಿಡೀ ಕುಡಿದ ಫಿಲ್ಟರ್ ನೀರು ಅರ್ಧ ತಂಬಿಗೆಯೂ ಇಲ್ಲ. ತಿಂದದ್ದು ಎರಡು ಸಲ ನುಚ್ಚು, ಸಂಜೆ ಚಹಾದಲ್ಲಿ ಅದ್ದಿದ ರೊಟ್ಟಿ.

ಸಂಜೆ ನೀಲವ್ವ ತಾಟನ್ನು ಎಳೆದುಕೊಂಡು ಕಾಳುಗಳನ್ನು ತಾನೇ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಹೊರಗೆ ಅಕ್ಷತಾ ತಂಗಿಯನ್ನು ಆಡಿಸುತ್ತಿದ್ದಳು.

“ಹಂಗಾದ್ರ ದೊಡ್ಡಾಕಿ ಬಾಯಾಗ ಇದನ್ನ ನನ್ನ ಕೈಯಾರ ನಾನ ಹಾಕೇನಿ,” ಎಂದಳು.

ನಿನಗೆ ಗೊತ್ತಿರಲಿಲ್ಲವಲ್ಲ ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಸಿಟ್ಟಾಗಿದ್ದಾಳೆಂದುಕೊಂಡು ನಾನು ಮಲಗಿದೆ.

ಬೆಳಿಗ್ಗೆ ಎದ್ದರೆ ನೀಲವ್ವ ಮನೆಯಲ್ಲಿರಲಿಲ್ಲ. ಎಸರಿನ ಪಾತ್ರೆ ಒಲೆಯ ಮೇಲಿತ್ತು. ಕ್ಯಾನಿನ ಅರಿವೆ ಸರಿದು, ನೀರು ಅರ್ಧಕ್ಕಿಳಿದಿತ್ತು. ಅತ್ತಿ ಇನ್ನೊಂದು ಕ್ಯಾನು ತರಲು ಹೋಗಿದ್ದಾರೆ, ತಾನು ಹೋಗುತ್ತೇನೆಂದರೂ ಬಿಡಲಿಲ್ಲ ಎಂದು ರೇಣುಕಾ ಹೇಳಿದಳು.

ನಾನು ಊರಿಗೆ ಹೊರಟ ಎಂಟೂವರೆಯ ಟಂಟಂ ಘಟಕದ ಮುಂದೆಯೇ ಹಾಯಿತು. ಸಾಲಿನಲ್ಲಿ ಹತ್ತನೆಯವಳೋ ಹನ್ನೊಂದನೆಯವಳೋ ಆಗಿ ಅವಳು ನಿಂತಿದ್ದಳು, ಖಾಲಿ ಕ್ಯಾನು ಕಾಲ ಬಳಿ, ಒಂದು ಕೈ ಮೊಳಕಾಲಿನ ಮೇಲೆ. ನಾನು ಕೂಗಿದೆ. ಐವತ್ತು ವರ್ಷ ಅದೇ ಬೋರಿನ ನೀರು ಕುಡಿದು ಎಲುಬು ಬಿಗಿದ ಕುತ್ತಿಗೆ ಹೊರಳದ್ದರಿಂದ ಇಡೀ ಮೈಯನ್ನೇ ತಿರುಗಿಸಿ ನೋಡಿದಳು. ಆ ಸಲ ಅವಳನ್ನು ನಾನು ಕಂಡದ್ದು ಅದೇ ಕೊನೆ. ಸಾಲು ಬಿಟ್ಟು ಬರಲಿಲ್ಲ. ಮುಂದಿನವಳು ಒಂದು ಹೆಜ್ಜೆ ಸರಿದಳು. ನೀಲವ್ವ ಮತ್ತೆ ಮೈ ತಿರುಗಿಸಿ, ಕ್ಯಾನನ್ನು ಕಾಲಿನಿಂದ ನೂಕಿಕೊಂಡು, ತಾನೂ ಸರಿದಳು.