ದರ್ಜಿಯ ಕತ್ತರಿಗೆ ನಾಲ್ಕನೇ ಹಿಡಿ

ಊರಿಗೆಲ್ಲ ಅವನು ಹಿಡಿಯಣ್ಣ. ಚಾಕು, ಸೌಟು, ಗರಗಸ, ಛತ್ರಿ, ಯಾವುದಕ್ಕೆ ಹಿಡಿ ಬೇಕಿದ್ದರೂ ಜನ ಅವನ ಅಂಗಡಿಗೇ ಬರುತ್ತಿದ್ದರು. ಬಂದವರ ಕೈಗೆ ಮೊದಲು ಒಂದು ಹಸಿ ಮಣ್ಣುಂಡೆ ಕೊಟ್ಟು ಹಿಚುಕಿ ಎನ್ನುತ್ತಿದ್ದ. ಆ ಅಚ್ಚು ನೋಡಿಕೊಂಡೇ ಮರ ಕೆತ್ತುವುದು. ಅವಸರದವರು ಗೊಣಗಿದರೆ, ಎಲ್ಲರ ಕೈಗೂ ಒಂದೇ ಅಳತೆಯದು ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ, ಧಾರಾಳವಾಗಿ ಹೋಗಿ ಎಂದು ಬಾಗಿಲು ತೋರಿಸುವ ಗತ್ತು ಬೇರೆ.

ಇಂಥವನ ಮನೆಯಲ್ಲೇ ಎಡವಟ್ಟಾಯಿತು. ಹೆಂಡತಿ ದರ್ಜಿ. ಮುಂಗೋಣೆಯ ಉದ್ದ ಮೇಜಿನ ಮೇಲೆ ಇಪ್ಪತ್ತೆರಡು ವರ್ಷ ಬಟ್ಟೆ ಕತ್ತರಿಸಿದವಳು. ಈಚೆಗೆ ಹೆಬ್ಬೆರಳಿನ ಗೆಣ್ಣು ಊದಿಕೊಂಡು ಕತ್ತರಿ ಹಿಡಿಯುವುದೇ ಕಷ್ಟವಾಗಿತ್ತು. ಈ ತಿಂಗಳು ನೋಡುತ್ತೇನೆ, ಆಗದಿದ್ದರೆ ಬಾಗಿಲ ಬೋರ್ಡು ಇಳಿಸಿಬಿಡುತ್ತೇನೆ ಎಂದಳು. ಕೆಲಸ ಬಿಟ್ಟು ಕೂತರೆ ಅವಳು ಸೊರಗಿಹೋಗುತ್ತಾಳೆ ಎಂದು ಅವನಿಗೆ ಗೊತ್ತಿತ್ತು.

ಮಣ್ಣುಂಡೆ ಬಂತು, ಅವಳು ಹಿಚುಕಿದಳು, ಅವನು ಕೆತ್ತಿ ಕತ್ತರಿಗೆ ಕೂರಿಸಿದ. ಚೆನ್ನಾಗಿದೆ ಎಂದಳು. ಆದರೆ ಮೇಜಿನ ಮೇಲಿನ ಬಟ್ಟೆಯ ರಾಶಿ ಕರಗಲಿಲ್ಲ. ಇನ್ನೊಂದು ಕೆತ್ತಿದ, ಮತ್ತೊಂದು ಕೆತ್ತಿದ. ಮೂರಕ್ಕೂ ಚೆನ್ನಾಗಿದೆ ಎಂದಳು. ಗಿರಾಕಿ ಯಾರಾದರೂ ಇಷ್ಟು ಬೇಗ ಒಪ್ಪಿದ್ದರೆ ಅವನಿಗೆ ಅನುಮಾನ ಬರುತ್ತಿತ್ತು. ಹೆಂಡತಿಯ ಹೊಗಳಿಕೆಗೆ ಮಾತ್ರ ಉಬ್ಬಿಹೋದ.

ಒಂದು ಮಧ್ಯಾಹ್ನ, ಮರೆತ ಕನ್ನಡಕಕ್ಕೆಂದು ಮನೆಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಅವನ ಹೊಸ ಹಿಡಿಗೆ ಅವಳು ಹಳೆ ಬಟ್ಟೆಯ ಪಟ್ಟಿ ದಪ್ಪಗೆ ಸುತ್ತಿದ್ದಳು. ಹೆಬ್ಬೆರಳು ಮುಟ್ಟಿಸದೆ, ಕೆಳಗಿನ ಅಲಗನ್ನು ಮೇಜಿಗಿಟ್ಟು, ಅಂಗೈಯಿಂದ ಒತ್ತುತ್ತಿದ್ದಳು. ಒತ್ತಿದ ಮೇಲೆ ಎಡಗೈಯಿಂದ ಕತ್ತರಿಯ ಬಾಯಿ ಬಿಡಿಸಬೇಕು. ಪ್ರತಿಸಲವೂ ಮುಖ ಕಿವುಚುತ್ತಿದ್ದಳು.

"ಮಣ್ಣನ್ನ ಅಷ್ಟು ಗಟ್ಟಿಯಾಗಿ ಹಿಚುಕಿದ್ಯಲ್ಲ?"

"ನೀವು ಎದುರಿಗೇ ನಿಂತಿದ್ರಿ. ಗಾಬರಿಯಾಗ್ತೀರಿ ಅಂತ ಹಲ್ಲು ಕಚ್ಚಿಕೊಂಡು ಹಿಚುಕಿದೆ."

ಅವನಿಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಈ ಸಲ ಮಣ್ಣುಂಡೆ ತರಲಿಲ್ಲ. ಸ್ಟೂಲು ಎಳೆದುಕೊಂಡು, ಸಂಜೆಯವರೆಗೆ ಅವಳ ಕೆಲಸವನ್ನೇ ನೋಡುತ್ತ ಕೂತ. ಮರುದಿನ ಮಾಡಿದ ಹಿಡಿಯಲ್ಲಿ ಹೆಬ್ಬೆರಳು ತೂರಿಸುವ ತೂತೇ ಇರಲಿಲ್ಲ. ಕೆಳಗಿನದು ಮೇಜಿಗೆ ಕೂರುವಂತೆ ಚಪ್ಪಟೆ, ಮೇಲಿನದು ಅಂಗೈಯಗಲ, ನಡುವೆ ತಾನಾಗಿ ಬಾಯಿ ತೆರೆಯಲು ಒಂದು ಸ್ಪ್ರಿಂಗು.

ಅವಳು ಎಲ್ಲೂ ನಿಲ್ಲಿಸದೆ ಅಂಗಿಯ ಒಂದು ಇಡೀ ತೋಳು ಕತ್ತರಿಸಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಹಿಡಿಯನ್ನು ತಿರುಗಿಸಿ ನೋಡಿ ಅವನ ಕೈಗಿಟ್ಟಳು.

"ಇಲ್ಲಿ ಹಿಂದೆ ಚುಚ್ಚುತ್ತೆ. ಬೇಗ ಉಜ್ಜಿ ಕೊಡಿ, ನಾಳೆ ನಾಲ್ಕು ಅಂಗಿ ಕತ್ತರಿಸ್ಬೇಕು."

ಇಷ್ಟು ವರ್ಷದಲ್ಲಿ ಯಾವ ಹೊಗಳಿಕೆಗೂ ಹಿಡಿಯಣ್ಣ ಅಷ್ಟು ಹಿಗ್ಗಿರಲಿಲ್ಲ.