ಸತ್ತ ವೈರಿನ ಹಿಡಿಕೆ

ಪವಾಡದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಜಮಖಂಡಿಯಲ್ಲಿ ನನ್ನದೊಂದು ಇಂಜಿನ್ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಬರುವ ಗಿರಾಕಿಗಳಲ್ಲಿ ಬಹಳಷ್ಟು ಜನ ಇಂಜಿನ್ನಿನ ಆಯಿಲ್ ಬದಲಿಸುವುದಿಲ್ಲ, ಆದರೆ ಅಮಾವಾಸ್ಯೆಗೆ ಅದಕ್ಕೆ ಕಟ್ಟಿದ ನಿಂಬೆಹಣ್ಣು ಬದಲಿಸುವುದನ್ನು ಮಾತ್ರ ಮರೆಯುವುದಿಲ್ಲ. ಪಿಸ್ಟನ್ ಬಿಗಿದುಕೊಂಡು ನಿಂತ ಇಂಜಿನ್ನನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, "ಯಾರದೋ ಕಣ್ಣು ಬಿದ್ದೈತ್ರೀ" ಎನ್ನುತ್ತಾರೆ. "ಆ ಕಣ್ಣು ಒಂದೀಟು ಆಯಿಲ್ ಮ್ಯಾಲೂ ಬಿದ್ದಿದ್ದರ ಛಲೋ ಇತ್ತು" ಎಂದು ನಾನು ಮುಖಕ್ಕೆ ಹೊಡೆದಂತೆ ಹೇಳುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುವಷ್ಟು ದಡ್ಡರು.

ಇಂಥ ನನಗೇ ಹೀಗಾಯಿತಲ್ಲ ಎಂಬುದು ನನ್ನ ಸಿಟ್ಟು. ನಂಬುವವರಿಗೆ ಆಗಿದ್ದರೆ ಊರೆಲ್ಲ ಹೇಳಿಕೊಂಡು ತಿರುಗಿ ಸುಖವಾಗಿ ಇರುತ್ತಿದ್ದರು. ನಾನು ಮಾತ್ರ ಕೆಲವು ವರ್ಷಗಳಿಂದ ಇದನ್ನು ಹಲ್ಲಿನ ಸಂದಿಯ ಕಬ್ಬಿನ ನಾರಿನ ಹಾಗೆ ಇಟ್ಟುಕೊಂಡು ಓಡಾಡುತ್ತಿದ್ದೇನೆ.

ನನ್ನ ಅಕ್ಕನನ್ನು ಕೊಟ್ಟದ್ದು ಗಲಗಲಿಗೆ. ಅಕ್ಕನ ಗಂಡ ಈರಪ್ಪ ಮಾವನಿಗೆ ಹೊಲದಲ್ಲಿಯೇ ಒಂದು ಗಾಣವಿದೆ. ಕಬ್ಬು ಅರೆದು ಬೆಲ್ಲ ಮಾಡುತ್ತಾರೆ. ಕರೆಂಟು ಬರುವ ಹೊತ್ತು, ಹೋಗುವ ಹೊತ್ತು ಯಾರಿಗೂ ಗೊತ್ತಿಲ್ಲದ ಕಾರಣ ಅವರು ಇಂದಿಗೂ ಅಪ್ಪನ ಕಾಲದ ಡೀಸೆಲ್ ಇಂಜಿನ್ನಿನ ಮೇಲೆಯೇ ಗಾಣ ನಡೆಸುತ್ತಾರೆ. ಇಂಥ ಇಂಜಿನ್ನನ್ನು ನಿಲ್ಲಿಸಲು ಡೀಸೆಲ್ ಪಂಪಿನ ಬಳಿ ಒಂದು ಸಣ್ಣ ಕಡ್ಡಿ ಇರುತ್ತದೆ. ಅದನ್ನು ಎಳೆದರೆ ಡೀಸೆಲ್ ಹೋಗುವುದು ನಿಲ್ಲುತ್ತದೆ, ಇಂಜಿನ್ ಬಂದ್ ಆಗುತ್ತದೆ. ಮಾವನ ಅಪ್ಪ ಆ ಕಡ್ಡಿಗೊಂದು ವೈರ್ ಕಟ್ಟಿ, ಇಂಜಿನ್ನಿನ ಹಿಂದಿನ ಕಂಬಕ್ಕೆ ತಂದು, ತುದಿಗೆ ತಾನೇ ಕೆತ್ತಿದ ಜಾಲಿ ಕಟ್ಟಿಗೆಯ ಹಿಡಿಕೆ ಸಿಕ್ಕಿಸಿದ್ದ. ಕಬ್ಬು ಹಾಕುವವನು ಕೂರುವುದು ಚಪ್ಪರದ ಈ ತುದಿಗೆ, ಹಿಡಿಕೆ ಇದ್ದದ್ದು ಆ ತುದಿಗೆ. ಕೈ ಗಾಣದೊಳಗೆ ಹೋದರೆ ಅಲ್ಲಿಯವರೆಗೆ ಯಾರಾದರೂ ಓಡಬೇಕು. ಅವರು ಓಡುವಷ್ಟರಲ್ಲಿ ಗಾಣ ಮೊಣಕೈ ದಾಟಿರುತ್ತದೆ.

ಆ ಮನೆಯಲ್ಲೊಂದು ಪದ್ಧತಿ. ಬೆಳಿಗ್ಗೆ ಇಂಜಿನ್ ಹಚ್ಚುವ ಮೊದಲು ವಿಭೂತಿ ಹಚ್ಚುವುದು ಇಂಜಿನ್ನಿಗಲ್ಲ, ಈ ಹಿಡಿಕೆಗೆ. "ಹಚ್ಚೂದು ಯಾಂವ ಬೇಕಾದಾಂವ ಹಚ್ತಾನ, ನಿಂದರಸೂದಕ್ಕ ಕೈ ಮುಗೀರಿ" ಎಂದು ಮುದುಕ ಹೇಳುತ್ತಿದ್ದನಂತೆ. ಮಾತು ಚೆನ್ನಾಗಿದೆ. ಆದರೆ ಅಷ್ಟು ಬುದ್ಧಿ ಇದ್ದವನು ಹಿಡಿಕೆಯನ್ನು ಕಬ್ಬು ಹಾಕುವವನ ಪಕ್ಕದಲ್ಲಿ ಇಡಬಾರದಿತ್ತೇ? ಕೈ ಮುಗಿಯುವುದು ಸುಲಭ, ಹತ್ತು ಮಾರು ವೈರ್ ಎಳೆಯುವುದು ಕಷ್ಟ. ನಮ್ಮ ಜನದ ಭಕ್ತಿಯೆಲ್ಲ ಇಂಥದ್ದೇ.

ಕೆಲವು ವರ್ಷಗಳ ಹಿಂದೆ ಬೀಳಗಿ ಕಡೆಯ ಒಂದು ಗಾಣದಲ್ಲಿ ಯಾರದೋ ಕೈ ಹೋಯಿತು. ಅಕ್ಕ ಹೆದರಿ ಫೋನ್ ಮಾಡಿದಳು. ನಾನು ಹೋಗಿ ಹಳೆಯ ವೈರನ್ನು ಇಂಜಿನ್ನಿನ ಕಡೆಯಿಂದ ಕತ್ತರಿಸಿ, ಕಡ್ಡಿಗೆ ಹೊಸ ಕೇಬಲ್ ಹಾಕಿ, ಗಾಣದ ಬಾಯಿಯ ಪಕ್ಕಕ್ಕೆ ತಂದು ಕೆಂಪು ಹಿಡಿಕೆ ಕೂರಿಸಿದೆ. ಕುಂತಲ್ಲಿಂದಲೇ ಎಳೆದರೆ ಇಂಜಿನ್ ಬಂದ್. ಹಳೆಯ ಹಿಡಿಕೆ ಕಂಬದ ಮೇಲೆ ಗೇಣುದ್ದ ವೈರಿನ ತುಂಡಿನೊಂದಿಗೆ ನೇತಾಡುತ್ತ ಉಳಿಯಿತು. ಅದನ್ನೂ ಕೀಳಲು ಹೋದಾಗ ಮಾವನ ತಾಯಿ ನೀಲವ್ವ ಅಡ್ಡ ಬಂದಳು.

"ಕೈ ಹಚ್ಚಬ್ಯಾಡ ತಮ್ಮಾ. ಹೊಸಾದು ನಿಂದು, ಹಾಕ್ಕೊ. ಇದು ಅವರದು, ಇರ್ಲಿ."

"ವೈರ್ ಕಡದೇನಿ ಆಯಿ, ಅದು ಸತ್ತು ಹೋಗೇತಿ. ಒಲಿಗೆ ಹಾಕು" ಎಂದೆ.

"ಒಲಿಗೆ ಹಾಕಾಕ ನನ್ನ ಕಡೆ ಬ್ಯಾರೆ ಕಟ್ಟಿಗಿ ಅದಾವು."

ಮರುದಿನದಿಂದ ಮುದುಕಿ ಆ ಸತ್ತ ಹಿಡಿಕೆಗೇ ವಿಭೂತಿ ಹಚ್ಚತೊಡಗಿದಳು. ನನ್ನ ಕೆಂಪು ಹಿಡಿಕೆಗೆ ಒಂದು ಚಿಟಿಕೆ ಕುಂಕುಮವೂ ಇಲ್ಲ. ನಾನು ಇದನ್ನು ಅಂಗಡಿಯಲ್ಲಿ ಎಲ್ಲರಿಗೂ ಹೇಳಿ ನಕ್ಕೆ.

ಮುಂದಿನ ಚಳಿಗಾಲ ಬೆಲ್ಟ್ ಬದಲಿಸಲೆಂದು ಗಲಗಲಿಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಕೆಲಸ ಮುಗಿಸಿ, ಕೊಪ್ಪರಿಗೆಯ ಹತ್ತಿರ ನಿಂತು ಅಕ್ಕ ಕೊಟ್ಟ ಕಬ್ಬಿನ ಹಾಲು ಕುಡಿಯುತ್ತಿದ್ದೆ. ಮಾವ ಕಬ್ಬು ಹಾಕುತ್ತಿದ್ದ. ಚಳಿಗೆ ಕುತ್ತಿಗೆಗೊಂದು ಟವೆಲ್ ಸುತ್ತಿಕೊಂಡಿದ್ದ, ಅದರ ತುದಿ ಬಲಗೈಯ ಮೇಲೆ ಇಳಿಬಿದ್ದಿತ್ತು. ನಾನು ನೋಡುತ್ತಿದ್ದಂತೆಯೇ ಆ ತುದಿ ಕಬ್ಬಿನ ಜೊತೆ ಒಳಗೆ ಹೋಯಿತು. ಹಿಂದೆಯೇ ಬೆರಳುಗಳು ಸಿಕ್ಕವು, ಟವೆಲ್ಲಿನ ಎಳೆತಕ್ಕೆ ಕುತ್ತಿಗೆ ಗಾಣದ ಬಾಯಿಗೆ ಬಂತು.

ಮಾವನ ಎಡಗೈ ಕೆಂಪು ಹಿಡಿಕೆಯನ್ನು ಹಿಡಿದೇ ಇತ್ತು. ಹಿಡಿದು ಎಳೆಯುತ್ತಿದ್ದ, ಅದು ಬರುತ್ತಿರಲಿಲ್ಲ. ಕಾರಣ ನನಗೆ ಆಮೇಲೆ ಗೊತ್ತಾಯಿತು. ಕಬ್ಬು ಹಾಕುವಾಗ ಅದರ ತುದಿ ಹಿಡಿಕೆಗೆ ತಾಗಿ ಇಂಜಿನ್ ಸುಮ್ಮಸುಮ್ಮನೆ ಬಂದ್ ಆಗುತ್ತಿತ್ತಂತೆ. ಅದಕ್ಕೆ ಈ ಶಾಣ್ಯಾರು ಹಿಡಿಕೆಯನ್ನು ಹಗ್ಗದಿಂದ ಸುತ್ತಿ ಗೂಟಕ್ಕೆ ಬಿಗಿದು ಕಟ್ಟಿಬಿಟ್ಟಿದ್ದರು. ಕೈ ಉಳಿಸಲು ಹಾಕಿದ್ದನ್ನು ಕೆಲಸಕ್ಕೆ ತೊಂದರೆ ಎಂದು ಕಟ್ಟಿಹಾಕುವ ಜನ! ಒಂದು ಮಾತು ನನಗೆ ಹೇಳಿದ್ದರೆ ಅರ್ಧ ಗಂಟೆಯಲ್ಲಿ ಅದನ್ನು ಅತ್ತ ಸರಿಸುತ್ತಿದ್ದೆ.

ನಾನು ಲೋಟ ಎಸೆದು ಇಂಜಿನ್ನಿನ ಕಡೆ ಓಡಿದೆ. ಕಡ್ಡಿಯನ್ನೇ ಕೈಯಿಂದ ಎಳೆಯುವುದು ಬಿಟ್ಟರೆ ದಾರಿ ಇರಲಿಲ್ಲ. ಕೆಳಗೆ ಕಬ್ಬಿನ ಸಿಪ್ಪೆ, ಕಾಲು ಜಾರಿ ಬಿದ್ದೆ. ಎದ್ದಾಗ ಕಂಡದ್ದು ನೀಲವ್ವ. ಕಂಬದ ಹತ್ತಿರವೇ ಇದ್ದಳು. "ಎಳಿ ಬೇ ಯವ್ವಾ, ಎಳಿ!" ಎಂದು ಮಾವ ಚೀರುತ್ತಿದ್ದ. ಮುದುಕಿ ಎರಡೂ ಕೈಯಿಂದ ಹಿಡಿದದ್ದು ಆ ಸತ್ತ ಹಿಡಿಕೆಯನ್ನು. ಕಡ್ಡಿಯ ಹತ್ತಿರ ನಿಂತಿದ್ದಾಳೆ, ಅದನ್ನು ಬಿಟ್ಟು ಕಂಬದ ಮೇಲಿನ ಕಟ್ಟಿಗೆಯ ತುಂಡನ್ನು ಎಳೆಯುತ್ತಿದ್ದಾಳೆ! ಬೈಯುತ್ತ ಕಡ್ಡಿಯ ಕಡೆ ನುಗ್ಗಿದೆ.

ಇಂಜಿನ್ ನಿಂತಿತ್ತು.

ತೇಕುತ್ತ, ಕೆಮ್ಮುತ್ತ ಅಲ್ಲ. ಕಡ್ಡಿ ಎಳೆದಾಗ ಹೇಗೆ ನಿಲ್ಲುತ್ತದೋ ಹಾಗೆ, ಸರಿಯಾಗಿ, ನಿಯಮದ ಪ್ರಕಾರ ನಿಂತಿತ್ತು. ನಾನು ಇನ್ನೂ ಇಂಜಿನ್ ಮುಟ್ಟಿರಲಿಲ್ಲ.

ನಾನೂ ಒಲೆಯ ಕಡೆಯಿಂದ ಓಡಿಬಂದ ಇಬ್ಬರು ಆಳುಗಳೂ ಸೇರಿ ಗಾಣದ ಚಕ್ರವನ್ನು ಹಿಂದಕ್ಕೆ ತಿರುಗಿಸಿ ಮಾವನ ಕೈ ಬಿಡಿಸಿದೆವು. ಬೆರಳ ತುದಿಗಳು ಜಜ್ಜಿದ್ದವು, ಉಗುರು ಹೋಗಿದ್ದವು. ಕೈ ಉಳಿದಿತ್ತು, ಕುತ್ತಿಗೆ ಉಳಿದಿತ್ತು. ಅಕ್ಕ ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಜಮಖಂಡಿಗೆ ಹೋದಳು. ನಾನು ಅಲ್ಲೇ ಉಳಿದೆ. ಕಾರಣ ಹುಡುಕದೆ ಆ ಚಪ್ಪರ ಬಿಟ್ಟು ಹೋಗುವುದು ನನ್ನಿಂದ ಆಗಲಿಲ್ಲ.

ಕೆಂಪು ಹಿಡಿಕೆಯ ಹಗ್ಗ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಕೇಬಲ್ ಕದಲಿರಲಿಲ್ಲ. ಪಂಪಿನ ಕಡ್ಡಿ ಇಂಜಿನ್ ನಡೆಯುವ ಜಾಗದಲ್ಲಿಯೇ ನಿಂತಿತ್ತು. ಟ್ಯಾಂಕಿನಲ್ಲಿ ಡೀಸೆಲ್ ತುಂಬಿತ್ತು. ಪೈಪಿನಲ್ಲಿ ಗಾಳಿ ಹೊಕ್ಕು ನಿಂತಿದ್ದರೆ ಗಾಳಿ ತೆಗೆಯುವವರೆಗೆ ಅದು ಮತ್ತೆ ಹತ್ತುತ್ತಿರಲಿಲ್ಲ. ನಾನು ಹ್ಯಾಂಡಲ್ ಹಾಕಿ ತಿರುಗಿಸಿದೆ, ಮೊದಲ ಸಲಕ್ಕೇ ಹತ್ತಿತು. ಮುಧೋಳದಲ್ಲಿರುವ ನನ್ನ ಗೆಳೆಯನೊಬ್ಬ ಇಂಜಿನಿಯರ್, ಅವನಿಗೆ ಫೋನ್ ಮಾಡಿ ಕೇಳಿದೆ. "ಲೋಡ್ ಹೆಚ್ಚಾಗಿ ಇಂಜಿನ್ ಕುಂತಿರಬೇಕು ಬಿಡೋ" ಎಂದ. ಕಬ್ಬಿನ ಹೊರೆಯನ್ನೇ ನುಂಗುವ ಇಂಜಿನ್ ಒಂದು ಟವೆಲ್ಲಿಗೆ ಕುಂತಿತೇ? ಕುಂತಿದ್ದರೆ ನರಳುತ್ತ ಕೂರುತ್ತಿತ್ತು, ಆ ದನಿ ನನಗೆ ಗೊತ್ತಿಲ್ಲವೇ? ಓದಿದವರೂ ಬಾಯಿಗೆ ಬಂದದ್ದು ಹೇಳುತ್ತಾರೆ.

ಊರವರ ಸಂಭ್ರಮವನ್ನಂತೂ ಕೇಳಬೇಡಿ. ಮರುದಿನವೇ ಕಂಬಕ್ಕೆ ನಿಂಬೆಹಣ್ಣು ಬಂದವು. ಒಬ್ಬ ಮೊಬೈಲಿನಲ್ಲಿ ವಿಡಿಯೊ ಮಾಡಿದ. ಆಸ್ಪತ್ರೆಯಲ್ಲಿ ಮಲಗಿದವನನ್ನು ನೋಡಲು ಬಂದವರಿಗಿಂತ ಕಂಬ ನೋಡಲು ಬಂದವರೇ ಹೆಚ್ಚು. ಅದರಲ್ಲಿ ಒಬ್ಬನಾದರೂ ತನ್ನ ಗಾಣದ ಹಿಡಿಕೆಯನ್ನು ಹತ್ತಿರಕ್ಕೆ ತಂದುಕೊಂಡನೇ? ಇಲ್ಲ.

ಜನ ಇಲ್ಲದಾಗ ನಾನು ಇಂಜಿನ್ ಹಚ್ಚಿ ಆ ಹಿಡಿಕೆಯನ್ನು ಎಳೆದು ನೋಡಿದೆ. ಏನೂ ಆಗಲಿಲ್ಲ. ಮತ್ತೆ ಎಳೆದೆ, ಜಗ್ಗಿದೆ, ತಿರುವಿದೆ. ಇಂಜಿನ್ ಪಾಡಿಗೆ ಇಂಜಿನ್ ನಡೆಯುತ್ತಿತ್ತು. ಕೊನೆಗೆ ನಾಚಿಕೆ ಬಿಟ್ಟು ನೀಲವ್ವನನ್ನೇ ಕರೆದೆ.

"ಆಯಿ, ನೀ ಒಮ್ಮೆ ಎಳದ ತೋರಸು."

ಮುದುಕಿ ನನ್ನನ್ನು ನೋಡಿದ ರೀತಿ ನನಗೆ ಪರಿಚಯದ್ದು. ನಾನು ನಿಂಬೆಹಣ್ಣಿನ ಗಿರಾಕಿಗಳನ್ನು ನೋಡುವುದು ಹಾಗೆಯೇ. "ಅವತ್ತ ಕೆಲಸ ಇತ್ತು, ಎಳದ್ನಿ. ಛಲೋ ನಡದಿದ್ದನ್ನ ಸುಮ್ನ ಯಾಕ ನಿಂದರಸಲಿ? ನಿನಗ ಉದ್ಯೋಗ ಇಲ್ಲೇನ?" ಎಂದು ಹೋಗಿಬಿಟ್ಟಳು.

ಅಂದಿನಿಂದ ಅವಳು ಆ ಹಿಡಿಕೆಗೆ ವಿಭೂತಿ ಹಚ್ಚುವುದನ್ನೂ ಬಿಟ್ಟಳು. ಈಗ ಹಚ್ಚುವುದು ನನ್ನ ಕೆಂಪು ಹಿಡಿಕೆಗೆ. ಅದನ್ನು ನಾನು ಕಬ್ಬಿನ ತುದಿ ತಾಗದಂತೆ ಸರಿಸಿ ಕೂರಿಸಿದ್ದೇನೆ, ಹಗ್ಗ ಕಟ್ಟಿದವನ ಕೈ ನಾನೇ ಮುರಿಯುತ್ತೇನೆ ಎಂದೂ ಹೇಳಿದ್ದೇನೆ. ಈ ಸಲ ಹೋದಾಗ ಅವಳೇ ಹೇಳಿದಳು: "ಅದರ ಕೆಲಸ ಆತು ತಮ್ಮಾ. ಬಿಚ್ಚಿ ಹೊರಗ ಒಗಿ. ಒಗೀತೇನಿ ಅಂತಿದ್ದೆಲಾ?"

ಮೊಳೆ ಕೀಳುವ ಪಕ್ಕಡ ಹಿಡಿದು ಕಂಬದ ಹತ್ತಿರ ಹೋದೆ. ಹಿಡಿಕೆಯ ಮೇಲೆ ಧೂಳು ಕೂತಿತ್ತು, ವೈರಿನ ತುಂಡಿಗೆ ತುಕ್ಕು ಹಿಡಿದಿತ್ತು. ಒಂದು ಮೊಳೆ ಕಿತ್ತರೆ ಮುಗಿಯಿತು. ಆ ತುದಿಗೆ ಮಾವ ಉಗುರಿಲ್ಲದ ಬೆರಳುಗಳಿಂದ ಕಬ್ಬು ಹಾಕುತ್ತಿದ್ದ. ಇಂಜಿನ್ ಬಂದ್ ಆದ ಮೇಲೆ ಬಿಚ್ಚಿದರಾಯಿತು ಎಂದುಕೊಂಡು ನಿಂತೆ. ಸಂಜೆ ಬಂದ್ ಆಯಿತು. ನಾಳೆ ಮತ್ತೆ ಹಚ್ಚುತ್ತಾರಲ್ಲ ಎನಿಸಿ, ಪಕ್ಕಡವನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ.